ಒಡೆಯಲು ಕೊಟ್ಟ ಕಾರು

ಆ ಕಾರನ್ನು ಒಡೆಯುವ ಕೆಲಸವನ್ನು ನನಗೇ ಕೊಟ್ಟಿದ್ದರು. ಮೊದಲ ಪೆಟ್ಟು ಹಾಕಿದವನೂ ನಾನೇ. ಅದನ್ನು ನಾನು ಉಳಿಸಿದೆ ಎಂದು ಅಮ್ಮತ್ತಿಯಲ್ಲಿ ಹೇಳುವವರು ಈ ಮಾತನ್ನು ಬಿಟ್ಟುಬಿಡುತ್ತಾರೆ. ಹಾಗಾಗಿ ಅದನ್ನೇ ಮೊದಲು ಬರೆಯುತ್ತಿದ್ದೇನೆ.

ಕೊಡಗು ಮೈಸೂರು ರಾಜ್ಯಕ್ಕೆ ಸೇರಿ ಎರಡನೆಯ ವರ್ಷ ನಡೆಯುತ್ತಿತ್ತು. ಅಮ್ಮತ್ತಿ ಪೇಟೆ ಮುಗಿಯುವಲ್ಲಿ, ಸಿದ್ದಾಪುರದ ರಸ್ತೆಗೆ ಅಂಟಿಕೊಂಡು ಒಂದು ಗುಜರಿ ಅಂಗಳವಿತ್ತು. ಸುತ್ತಲಿನ ಎಸ್ಟೇಟುಗಳಲ್ಲಿ ಕಾಫಿ ಹಣ್ಣು ಸುಲಿದು ಸವೆದ ಪಲ್ಪರುಗಳು, ತುಕ್ಕು ಹಿಡಿದ ಪೈಪು, ಯುದ್ಧಕಾಲದ ಜೀಪುಗಳ ಅಳಿದುಳಿದ ಭಾಗ, ಎಲ್ಲ ಅಲ್ಲಿಗೆ ಬಂದು ಬೀಳುತ್ತಿದ್ದವು. ಅಂಗಳದ ಯಜಮಾನರನ್ನು ಊರವರು ಸಾಹೇಬ್ರು ಎನ್ನುತ್ತಿದ್ದರು. ಬಂದ ಸಾಮಾನನ್ನು ಒಡೆದು ಹಿತ್ತಾಳೆ, ತಾಮ್ರ, ಸೀಸ, ಬೀಡು ಕಬ್ಬಿಣ ಎಂದು ಬೇರೆಬೇರೆ ರಾಶಿ ಹಾಕುವುದು ನನ್ನ ಕೆಲಸ. ವರ್ಷಕ್ಕೆರಡು ಸಲ ಮೈಸೂರಿನಿಂದ ಲಾರಿ ಬಂದು ರಾಶಿಗಳನ್ನು ಹೊತ್ತೊಯ್ಯುತ್ತಿತ್ತು.

ಅದಕ್ಕೆ ಮುಂಚೆ ಹದಿನಾಲ್ಕು ವರ್ಷ ನಾನೊಂದು ಕಾಫಿ ಎಸ್ಟೇಟಿನಲ್ಲಿ ಫಿಟ್ಟರ್ ಆಗಿದ್ದೆ. ಹಿಂದಿನ ಕಾಫಿ ಕೊಯ್ಲಿನ ಕಾಲದಲ್ಲಿ ಪಲ್ಪರಿನ ಬೆಲ್ಟು ನನ್ನ ಬಲಗೈಯ ತೋರುಬೆರಳನ್ನೂ ನಡುಬೆರಳನ್ನೂ ಬುಡದವರೆಗೆ ಎಳೆದುಕೊಂಡಿತು. ಗಾಯ ಮಾಗಿದ ಮೇಲೆ ಹೋದಾಗ ಮ್ಯಾನೇಜರು ನನ್ನ ಕೈ ನೋಡಿದರು, ಮುಖ ನೋಡಲಿಲ್ಲ. ಕಣದ ಕಾವಲಿಗೆ ಹಾಕುತ್ತೇನೆ ಎಂದರು. ಒಣಗುವ ಕಾಫಿಗೆ ದನ ನುಗ್ಗದಂತೆ ಕೋಲು ಹಿಡಿದು ಕೂರುವ ಕೆಲಸ. ಅವರು ಕೆಟ್ಟ ಮನುಷ್ಯರಲ್ಲ, ಉಪಕಾರ ಮಾಡುತ್ತಿದ್ದೇನೆ ಎಂದೇ ತಿಳಿದಿದ್ದರು. ನಾನು ಬೇಡವೆಂದೆ. ಎಸ್ಟೇಟು ಕೊಟ್ಟಿದ್ದ ಲೈನಿನ ಮನೆ ಬಿಡಬೇಕಾಯಿತು. ನಾನೂ ಹೆಂಡತಿಯೂ ಪಾತ್ರೆ ಹಾಸಿಗೆ ಹೊತ್ತುಕೊಂಡು ಸಾಹೇಬರ ಅಂಗಳದ ಹಿಂದಿನ ಕೋಣೆಗೆ ಬಂದೆವು. ಸಾಹೇಬರು ನನ್ನ ಕೈಯ ವಿಷಯ ಎತ್ತಲೇ ಇಲ್ಲ. ಸುತ್ತಿಗೆ ಎಲ್ಲಿದೆ ಎಂದು ತೋರಿಸಿದರು, ಅಷ್ಟೆ.

ಕಾರು ಬಂದದ್ದು ಮಳೆ ಹಿಡಿಯುವುದಕ್ಕೆ ಸ್ವಲ್ಪ ಮುಂಚೆ. ಬೇರೊಂದು ಎಸ್ಟೇಟಿನ ಬಂಗಲೆಯ ಹಿಂದಿನ ಕೊಟ್ಟಿಗೆಯಲ್ಲಿ ಯುದ್ಧಕ್ಕೂ ಮೊದಲಿನಿಂದ ಬಿದ್ದಿತ್ತಂತೆ. ಎರಡು ಜೋಡಿ ಎತ್ತು ಕಟ್ಟಿ ಎಳೆದುಕೊಂಡು ಬಂದರು. ಮರದ ಕಡ್ಡಿಗಳ ಚಕ್ರ, ಹಿತ್ತಾಳೆಯ ರೇಡಿಯೇಟರ್, ಬಾಗಿಲ ಹೊರಗೆ ಗೇರು ಹಿಡಿಯುವ ಲಿವರ್. ಮಡಚುವ ಮೇಲುಹೊದಿಕೆಯ ಬಟ್ಟೆ ಹೋಗಿ ಬರೀ ಕಮಾನು ಉಳಿದಿತ್ತು. ಹಿಂದಿನ ಸೀಟಿನಲ್ಲಿ ಕೋಳಿ ಮೊಟ್ಟೆಯಿಟ್ಟು ಮರಿ ಮಾಡಿದ ಗುರುತಿತ್ತು. ಅದನ್ನು ಮಾಡಿದ ಇಂಗ್ಲೆಂಡಿನ ಕಂಪನಿ ಮುಚ್ಚಿಯೇ ಎಷ್ಟೋ ವರ್ಷವಾಗಿತ್ತು. ಅಂಥ ಇನ್ನೊಂದನ್ನು ನಾನು ಅದಕ್ಕೆ ಮುಂಚೆಯೂ ಕಂಡಿಲ್ಲ, ಆಮೇಲೂ ಕಂಡಿಲ್ಲ.

ಸಾಹೇಬರಿಗೆ ಬೇಕಾಗಿದ್ದುದು ರೇಡಿಯೇಟರಿನ ಹಿತ್ತಾಳೆ ಮತ್ತು ಎಂಜಿನ್ನಿನ ಕೆಳಭಾಗದ ಅಲ್ಯುಮಿನಿಯಂ. ನಾನು ಎಡಗಡೆಯ ಮಡ್ಗಾರ್ಡಿನಿಂದ ಶುರು ಮಾಡಿದೆ. ಒಂದೇ ಪೆಟ್ಟಿಗೆ ಅದರ ಬ್ರಾಕೆಟ್ಟು ಮುರಿಯಿತು. ಎರಡನೆಯದಾಗಿ ಎಂಜಿನ್ನಿನ ಪಕ್ಕದ ಮುಚ್ಚಳ ತೆಗೆದೆ. ಅಲ್ಯುಮಿನಿಯಮ್ಮನ್ನು ಒಡೆಯುವ ಮೊದಲು ಒಳಗಿನ ಕಬ್ಬಿಣ ಬೇರೆ ಮಾಡಬೇಕು, ಅದಕ್ಕೆ.

ಒಳಗೆ ಎಣ್ಣೆಯ ಪದರ ಇನ್ನೂ ಇತ್ತು. ಜೇನಿನಂತೆ ಗಟ್ಟಿಯಾಗಿ ಎಲ್ಲವನ್ನೂ ಮುಚ್ಚಿಕೊಂಡಿತ್ತು. ಬೆರಳಲ್ಲಿ ಒರೆಸಿದೆ. ಕೆಳಗಿನ ಲೋಹ ಹೊಳೆಯಿತು. ಒಂದೊಂದು ನಟ್ಟಿಗೂ ಅದು ಸಡಿಲದಂತೆ ತಡೆಯುವ ಸ್ಪ್ಲಿಟ್ ಪಿನ್ನು, ಒಂದೊಂದು ಪಿನ್ನಿನ ಕಾಲೂ ಒಂದೇ ಕಡೆಗೆ ಬಾಗಿ ನಟ್ಟಿನ ಅಂಚಿಗೆ ಸರಿಯಾಗಿ ಕತ್ತರಿಸಲ್ಪಟ್ಟಿತ್ತು. ಯಾರ ಕಣ್ಣಿಗೂ ಬೀಳದ ಜಾಗದಲ್ಲಿ ಯಾರೋ ಫಿಟ್ಟರು ಅರ ಹಿಡಿದು ಮೂಲೆಗಳನ್ನು ಉಜ್ಜಿ ನುಣುಪು ಮಾಡಿದ್ದ. ನಾನು ಸುತ್ತಿಗೆಯನ್ನು ಪಕ್ಕಕ್ಕಿಟ್ಟು ಮುಚ್ಚಳ ಮತ್ತೆ ಹಾಕಿದೆ. ಸಾಹೇಬರ ಬಳಿ ಹೋಗಿ, "ಇದನ್ನು ನಾನು ಒಡೆಯೋದಿಲ್ಲ" ಎಂದೆ.

ಅವರು ತಕ್ಕಡಿಯಲ್ಲಿ ತೂಗುತ್ತಿದ್ದರು. "ಒಡೆಯೋದಿಲ್ಲಾಂದ್ರೆ ಏನ್ ಗೌಡ್ರೆ, ಪೂಜೆ ಮಾಡ್ತೀರಾ?"

"ನಡೆಸ್ತೇನೆ."

"ಇಪ್ಪತ್ತು ವರ್ಷದಿಂದ ಮಲಗಿದ್ದು. ಎಂಜಿನ್ ತಿರುಗೋದೇ ಇಲ್ಲ. ನಾನೇ ಹ್ಯಾಂಡ್ಲು ಹಾಕಿ ನೋಡಿದೀನಿ."

"ನೀವು ಮಾಡಿದ್ದು ನೋಡೋ ಕೆಲಸ. ನಾನು ಮಾಡೋದು ಫಿಟ್ಟರ್ ಕೆಲಸ."

ಅದು ಸೊಕ್ಕಿನ ಮಾತೇ. ಸಾಹೇಬರು ಸಿಟ್ಟಾಗಲಿಲ್ಲ. ತಕ್ಕಡಿಯನ್ನು ಕೆಳಗಿಟ್ಟು ಯೋಚಿಸಿದರು. "ಮಳೇಲಿ ಲಾರಿ ಬರಲ್ಲ. ಮಳೆ ನಿಂತ್ಮೇಲೆ ಬರ್ತದೆ. ಅಷ್ಟರೊಳಗೆ ಇದು ತನ್ನ ಎಂಜಿನ್ ಮೇಲೆ ಗೇಟ್ ದಾಟಿದ್ರೆ ನಿಮ್ದು, ತಗೊಂಡು ಹೋಗಿ. ಹಗಲು ನನ್ನ ಕೆಲಸ ತಪ್ಪಬಾರ್ದು. ನನ್ನ ಹಳೇ ವ್ಯಾನಿನ ರಿಪೇರೀನೂ ನಿಲ್ಬಾರ್ದು."

"ದಾಟದಿದ್ರೆ?"

"ದಾಟದಿದ್ರೆ ನೀವೇ ಒಡೀಬೇಕು. ಬೇರೆಯವ್ರನ್ನ ಕರೆಸಲ್ಲ ನಾನು."

ಒಪ್ಪಿಕೊಂಡೆ. ಕೋಣೆಗೆ ಬಂದು ಹೆಂಡತಿಗೆ ಹೇಳಿದೆ. ನಮ್ಮ ಮನೆಮಾತು ಅರೆಭಾಷೆ, ಇಬ್ಬರೂ ಕರಿಕೆ ಕಡೆಯವರು. ಅವಳು ಅಕ್ಕಿ ಆರಿಸುತ್ತಿದ್ದವಳು ತಲೆಯೆತ್ತಲಿಲ್ಲ. "ಒಡೆಯಕೆ ಮನಸಿಲ್ಲೆ, ಆತಲ್ಲ" ಎಂದಳು. "ಕೆಲಸ ಸುರು ಮಾಡೋಕು."

ತಗಡಿನ ಚಪ್ಪರದ ಕೆಳಗೆ ಕಾರನ್ನು ತಳ್ಳಿಸಿದೆವು. ಸ್ಪಾರ್ಕ್ ಪ್ಲಗ್ಗುಗಳನ್ನು ಬಿಚ್ಚಿ ಆ ನಾಲ್ಕು ತೂತುಗಳಲ್ಲಿ ಸೀಮೆಎಣ್ಣೆ, ಹರಳೆಣ್ಣೆ ಸೇರಿಸಿ ಹೊಯ್ದೆ. ದಿನಾ ಸಂಜೆ ಅಂಗಳದ ಕೆಲಸ ಮುಗಿಸಿ ಟಾಪ್ ಗೇರಿಗೆ ಹಾಕಿ ಹಿಂದಿನ ಚಕ್ರವನ್ನು ಹಿಂದೆ ಮುಂದೆ ಅಲ್ಲಾಡಿಸುತ್ತಿದ್ದೆ. ಹ್ಯಾಂಡಲಿಗೆ ಉದ್ದನೆಯ ಪೈಪು ತೂರಿಸಿ ಬಲ ಹಾಕಿದರೆ ಏನಾದರೂ ಮುರಿದೇಬಿಡುತ್ತದೆ. ಚಕ್ರ ಅಲ್ಲಾಡಿಸಿದರೆ ಎಂಜಿನ್ನಿಗೆ ನೋವಾಗದಂತೆ ಕೇಳಿದ ಹಾಗೆ. ಎಂಟು ದಿನ ಏನೂ ಆಗಲಿಲ್ಲ. ಒಂಬತ್ತನೆಯ ದಿನ ಚಕ್ರ ಅರ್ಧ ಇಂಚು ಬಂತು. ಹನ್ನೆರಡನೆಯ ದಿನ ಎಂಜಿನ್ ಪೂರ್ತಿ ಒಂದು ಸುತ್ತು ತಿರುಗಿತು, ಗರಗರ ಸದ್ದು ಮಾಡುತ್ತ.

ಆ ಸದ್ದು ಶಾಫ್ಟು ಕೂತು ತಿರುಗುವ ಬೇರಿಂಗಿನದು. ಆ ಕಾಲದ ಎಂಜಿನ್ನುಗಳಲ್ಲಿ ಬೇರಿಂಗು ಕೊಂಡು ಹಾಕುವಂಥದ್ದಲ್ಲ. ಚಿಪ್ಪಿನೊಳಗೆ ವೈಟ್ ಮೆಟಲ್, ಅಂದರೆ ತವರ ಮುಖ್ಯವಾಗಿರುವ ಮೆತ್ತನೆಯ ಲೋಹವನ್ನು ಕರಗಿಸಿ ಹೊಯ್ದು, ಆಮೇಲೆ ಕೆರೆದು ಅಳತೆಗೆ ತರಬೇಕು. ಮೂರು ಬೇರಿಂಗುಗಳ ಪೈಕಿ ನಡುವಿನದು ಪೂರ್ತಿ ಕರಗಿ ಹೋಗಿತ್ತು. ಲೋಹಕ್ಕೆ ಬರವಿರಲಿಲ್ಲ, ಗುಜರಿಯಲ್ಲಿ ಹಳೆಯ ಯಂತ್ರಗಳ ಬೇರಿಂಗುಗಳೇ ಬಿದ್ದಿದ್ದವು.

ಮೊದಲ ಸಲ ಹೊಯ್ದಾಗ ಲೋಹ ಸಿಡಿದು ನನ್ನ ಅಂಗಿಯ ತೋಳು ಸುಟ್ಟಿತು. ಜೂನ್ ತಿಂಗಳ ಅಮ್ಮತ್ತಿಯಲ್ಲಿ ಒಣಗಿದ್ದು ಅಂತ ಯಾವುದೂ ಇರುವುದಿಲ್ಲ. ಚಿಪ್ಪಿನಲ್ಲಿ ಕಣ್ಣಿಗೆ ಕಾಣದ ಪಸೆ ಇದ್ದಿರಬೇಕು. ಎರಡನೆಯ ಸಲ ಚಿಪ್ಪನ್ನು ಇದ್ದಿಲ ಮೇಲಿಟ್ಟು ಕಾಯಿಸಿದೆ, ಆದರೆ ಲೋಹ ತಣ್ಣಗಾಯಿತು, ಪದರ ಪದರವಾಗಿ ಎದ್ದುಬಂತು. ಮೂರನೆಯ ಸಲಕ್ಕೆ ಒಣ ಬಿದಿರಿನ ಕಡ್ಡಿ ಅದ್ದಿ ನೋಡುವುದನ್ನು ಕಲಿತೆ. ಕಡ್ಡಿ ಕಂದಾದರೆ ಹದ, ಹೊತ್ತಿಕೊಂಡರೆ ಕಾವು ಹೆಚ್ಚು, ಬಣ್ಣ ತಿರುಗದಿದ್ದರೆ ಕಡಿಮೆ. ಶಾಫ್ಟಿನ ಜಾಗ ಉಳಿಯಲೆಂದು ನಡುವೆ ಇಡುವ ಕಬ್ಬಿಣದ ಉರುಳೆಗೆ ಚಿಮಣಿ ದೀಪದ ಮಸಿ ಹಿಡಿಸಿದೆ, ಅಂಟದಿರಲಿ ಎಂದು. ಅಂಚುಗಳಿಗೆ ಹುತ್ತದ ಮಣ್ಣು ಮೆತ್ತಿದೆ. ಆ ಸಲ ಲೋಹ ಒಂದೇ ಮೈಯಾಗಿ ಕೂತಿತು. ಬಡಿದು ನೋಡಿದರೆ ಗಂಟೆಯ ದನಿ ಬಂತು.

ಕೆರೆಯುವುದು ಅದಕ್ಕಿಂತ ಕಷ್ಟ. ಶಾಫ್ಟಿಗೆ ಬಟ್ಟೆಯ ನೀಲಿಯನ್ನು ಎಣ್ಣೆಯಲ್ಲಿ ಕಲಸಿ ಬಳಿದು, ಬೇರಿಂಗಿನಲ್ಲಿ ಇಟ್ಟು ತಿರುಗಿಸಿದರೆ ಉಬ್ಬಿದ ಕಡೆ ನೀಲಿ ಅಂಟುತ್ತದೆ. ಅದನ್ನಷ್ಟೇ ಕೆರೆಯಬೇಕು. ಮತ್ತೆ ಬಳಿಯಬೇಕು, ಮತ್ತೆ ಕೆರೆಯಬೇಕು. ಬಲಗೈಯಲ್ಲಿ ಸ್ಕ್ರೇಪರ್ ಹಿಡಿದರೆ ಜಾರುತ್ತಿತ್ತು. ಎಡಗೈಯಿಂದ ಕೆರೆಯುವುದನ್ನು ಒಂದು ಹಳೆಯ ಸೀಸದ ತುಂಡಿನ ಮೇಲೆ ಹದಿನೈದು ದಿನ ಅಭ್ಯಾಸ ಮಾಡಿದೆ. ಕೆರೆತ ಬಂತು, ಆದರೆ ಎಡಗೈಯ ಬೆರಳಿಗೆ ಉಬ್ಬು ತಿಳಿಯುತ್ತಿರಲಿಲ್ಲ. ಬಲಗೈಯಲ್ಲಿ ತಿಳಿಯುತ್ತಿದ್ದ ಬೆರಳು ಈಗ ಇರಲಿಲ್ಲ.

ನನ್ನ ಹೆಂಡತಿ ಎಸ್ಟೇಟಿನ ಕಾಫಿ ಆರಿಸುವ ಮನೆಯಲ್ಲಿ ಹತ್ತು ವರ್ಷ ಕೂತವಳು. ಅಲ್ಲಿ ಒಡೆದ ಬೀಜವನ್ನು ಕಣ್ಣಿಗಿಂತ ಮೊದಲು ಬೆರಳೇ ಹೇಳುತ್ತದೆ. ಅವಳು ಕೈ ಒರೆಸಿಕೊಂಡು ಬಂದು ಬೇರಿಂಗಿನೊಳಗೆ ಉಂಗುರದ ಬೆರಳು ಹಾಕಿದಳು.

"ಇಲ್ಲಿ ಉಬ್ಬುಟ್ಟು" ಎಂದಳು, ಉಬ್ಬು ಇದೆ ಎಂದು. "ಕೂದಲಷ್ಟು. ಅತ್ತಕಡೆ ಇಲ್ಲೆ."

ನೀಲಿ ಹಚ್ಚಿ ನೋಡಿದೆ. ಅವಳು ಹೇಳಿದ ಕಡೆಯೇ ಕಲೆ. ಆಮೇಲೆ ನಾನು ಕೆರೆಯುವುದು, ಅವಳು ಮುಟ್ಟುವುದು. ಜುಲೈ ಪೂರ್ತಿ ಹಾಗೆ ಕಳೆಯಿತು. ಮ್ಯಾಗ್ನೆಟೋವನ್ನು, ಅಂದರೆ ಪ್ಲಗ್ಗುಗಳಿಗೆ ಕಿಡಿ ಕೊಡುವ ಯಂತ್ರವನ್ನು, ಅವಳೇ ಒಲೆಯ ಮೇಲೆ ಮೀನು ಒಣಗಿಸುವ ತಟ್ಟಿಯಲ್ಲಿಟ್ಟು ಮೂರು ವಾರ ಒಣಗಿಸಿದಳು. ಹೊರಗೆ ತೆಗೆದಾಗ ಮೀನಿನ ವಾಸನೆ ಹೊಡೆಯುತ್ತಿತ್ತು. ಕಿಡಿ ಮಾತ್ರ ನೀಲಿಯಾಗಿ, ಚಟಾರನೆ ಬಂತು.

ಈ ಹೊತ್ತಿಗೆ ಒಬ್ಬ ಮುದುಕ ಬಂದು ಕೂರಲು ಶುರು ಮಾಡಿದ್ದ. ಮಲಯಾಳಿ. ಈ ಕಾರಿನ ಮೊದಲ ಯಜಮಾನ ಬಿಳಿಯ ದೊರೆ, ಅವನಿಗೆ ಈತ ಡ್ರೈವರ್ ಆಗಿದ್ದನಂತೆ. ಮಾತು ಕಡಿಮೆ, ಆಡಿದರೆ ನನ್ನನ್ನು ಮೋನೆ, ಅಂದರೆ ಮಗನೇ, ಎನ್ನುತ್ತಿದ್ದ. ಛತ್ರಿ ಮಡಚಿಟ್ಟು ಕಲ್ಲಿನ ಮೇಲೆ ಕೂತು, ನಾನು ತಪ್ಪು ಮಾಡಿದರೆ ಮಾತ್ರ ಕೆಮ್ಮುತ್ತಿದ್ದ. ಒಂದು ದಿನ ಇಬ್ಬರು ಆಳುಗಳ ತಲೆಯ ಮೇಲೆ ಎರಡು ಟೈರು ಹೊರಿಸಿಕೊಂಡು ಬಂದ. ಆ ಅಳತೆಯ ಟೈರನ್ನು ಪ್ರಪಂಚದಲ್ಲಿ ಯಾರೂ ಮಾಡುತ್ತಿರಲಿಲ್ಲ, ನಾನು ಆಸೆಯನ್ನೇ ಬಿಟ್ಟಿದ್ದೆ. ಇಷ್ಟು ವರ್ಷ ಅವನ್ನು ತನ್ನ ಅಟ್ಟದಲ್ಲಿ ಬೂದಿ ಹಚ್ಚಿ ಇಟ್ಟಿದ್ದ. ಯಾಕೆ ಇಟ್ಟಿದ್ದೆ ಎಂದು ಕೇಳಿದೆ. ಅವನು ಟೈರಿನ ಬೂದಿ ಒರೆಸತೊಡಗಿದ. ಉಳಿದೆರಡು ಟೈರುಗಳಿಗೆ ಒಳಗಿನಿಂದ ಪಟ್ಟಿ ಇಟ್ಟು ಹೊಲಿದೆವು.

ಆಗಸ್ಟ್ ನಡುವಿನಲ್ಲಿ ಎಂಜಿನ್ ಜೋಡಿಸಿ ಮುಗಿಸಿ ರೇಡಿಯೇಟರಿಗೆ ನೀರು ಹೊಯ್ದೆ. ನೀರು ಎಂಜಿನ್ನಿನ ಬಲಮಗ್ಗುಲಿನಿಂದ ಬೆವರಿನಂತೆ ಇಳಿಯಿತು. ತಂತಿಯ ಬ್ರಷ್ಷಿನಿಂದ ಉಜ್ಜಿದಾಗ ಬಿರುಕು ಕಂಡಿತು. ಗೇಣಿಗೆ ಎರಡು ಬೆರಳು ಕಡಿಮೆ ಉದ್ದ, ಬೀಡು ಕಬ್ಬಿಣದಲ್ಲಿ. ಬೀಡಿಗೆ ಬೆಸುಗೆ ಹಾಕುವವರು ಆಗ ನಮ್ಮ ಕಡೆ ಯಾರೂ ಇರಲಿಲ್ಲ. ಕಾವು ಹೆಚ್ಚು ಕಡಿಮೆಯಾದರೆ ಬಿರುಕು ಇನ್ನೂ ಓಡುತ್ತದೆ. ನಾನು ನೆಲದಲ್ಲಿ ಕೂತುಬಿಟ್ಟೆ.

ಮುದುಕ ಎದ್ದು ಬಂದು ಬಿರುಕಿನ ಮೇಲೆ ಹೆಬ್ಬೆರಳು ಓಡಿಸಿದ.

"ಮೋನೆ, ಇದು ನಾನು ಮಾಡಿದ್ದು" ಎಂದ. "ಮಾಕುಟ್ಟದ ಘಾಟಿ ಹತ್ತುವಾಗ ನೀರು ಕುದಿದುಹೋಯ್ತು. ದೊರೆ ಬೇಗ ಬೇಗ ಅಂತ. ನಾನು ತಣ್ಣಗಿನ ತೋಡಿನ ನೀರು ಹಾಗೇ ಹೊಯ್ದೆ. ಟಿಕ್ ಅಂತ ಒಂದು ಸದ್ದು. ನನಗೆ ಕೇಳಿತು. ದೊರೆಗೆ ಕೇಳಲಿಲ್ಲ. ಹೇಳಲಿಲ್ಲ ನಾನು. ಗಾಡಿಗೆ ವಯಸ್ಸಾಯ್ತು ಅಂತ ಅವರು ಕೊಟ್ಟಿಗೆಗೆ ಹಾಕಿದರು."

ಬೈಯುವ ಮನಸ್ಸಾಯಿತು, ನಿಜ. ಇಷ್ಟು ವಾರಗಳಿಂದ ಈ ಕಲ್ಲಿನ ಮೇಲೆ ಕೂತಿದ್ದವನಿಗೆ ಬಾಯಿ ಬರಲಿಲ್ಲವೇ ಎಂದು. ಆದರೆ ಅವನ ಕೈ ಬಿರುಕಿನ ಮೇಲಿನಿಂದ ಏಳಲೇ ಇಲ್ಲ. ನಾನು ಎದ್ದು ರೇಡಿಯೇಟರಿನ ನೀರು ಬಸಿದೆ.

ಅದೇ ವಾರ ನನ್ನ ಹಳೆಯ ಎಸ್ಟೇಟಿನ ಮ್ಯಾನೇಜರು ಪೈಪು ಮಾರುವ ಕೆಲಸಕ್ಕೆ ಸಾಹೇಬರಲ್ಲಿಗೆ ಬಂದರು. ಚಪ್ಪರದಡಿ ಕಾರು ಕಂಡು ಬೂಟು ಕೆಸರಾಗುವುದನ್ನೂ ಲೆಕ್ಕಿಸದೆ ಬಂದರು. ಕಾರುಗಳೆಂದರೆ ಅವರಿಗೆ ಪ್ರೀತಿಯಿತ್ತು. ಸುತ್ತ ನಡೆದು ನೋಡಿದರು. ಬಿರುಕು ನೋಡಿದರು.

"ಇದು ಮುಗಿದ ಎಂಜಿನ್ನಯ್ಯ. ಸುಮ್ಮನೆ ಯಾಕೆ ಹೆಣಗ್ತೀಯ? ಸಾಹೇಬರ ಹತ್ರ ಜೀಪಿನ ಎಂಜಿನ್ ಬಿದ್ದಿದೆ, ಒಳ್ಳೇದಿದೆ. ಅದನ್ನ ಕೂರಿಸು. ಹದಿನೈದು ದಿನದ ಕೆಲಸ. ಹೊರಗಿನ ಬಾಡಿ ಚಂದ ಮಾಡು, ಗಾಡಿ ನಾನೇ ತಗೋತೇನೆ. ನಿನ್ನನ್ನೂ ವಾಪಸ್ ತಗೋತೇನೆ, ವರ್ಕ್‌ಶಾಪಿಗೇ. ಮೇಲ್ವಿಚಾರಣೆಗೆ. ಕೈ ಹಾಕೋದು ಬೇಡ."

ಸಾಹೇಬರು ನನ್ನ ಮುಖ ನೋಡಿದರು. "ಯಾವ ಎಂಜಿನ್ನಾದ್ರೂ ನನಗೆ ನಡೀತದೆ ಗೌಡ್ರೆ" ಎಂದರು. ನನ್ನ ಕಷ್ಟ ನೋಡಿ ಕರಾರನ್ನು ಸಡಿಲಿಸುತ್ತಿದ್ದರು.

ಜೀಪಿನ ಎಂಜಿನ್ ನನಗೆ ಗೊತ್ತಿದ್ದ ಎಂಜಿನ್. ಮತ್ತೆ ವರ್ಕ್‌ಶಾಪು, ಮತ್ತೆ ಎಸ್ಟೇಟಿನ ಮನೆ. ಹೆಂಡತಿ ಆ ಕೋಣೆಯ ಸೋರುವ ತಗಡಿನ ಕೆಳಗೆ ಪಾತ್ರೆಗಳನ್ನು ಸಾಲಾಗಿ ಇಟ್ಟು ಅಡಿಗೆ ಮಾಡುತ್ತಿದ್ದಳು. ಅವಳ ಕಡೆ ನೋಡಿದೆ. ಬಾಗಿಲಲ್ಲಿ ನಿಂತಿದ್ದವಳು ಬೇರಿಂಗಿನ ನೀಲಿ ಅಂಟಿದ ಬೆರಳನ್ನು ಸೆರಗಿಗೆ ಒರೆಸುತ್ತಿದ್ದಳು. ಒರೆಸಿ, ಒಳಗೆ ಹೋದಳು. ಹೇಳುವುದನ್ನು ನನಗೇ ಬಿಟ್ಟಳು.

"ಸಾರ್, ಈ ಎಂಜಿನ್ ಮುಗಿದಿಲ್ಲ" ಎಂದೆ. "ಬೇರೆ ಎಂಜಿನ್ ಹಾಕೋದಿಲ್ಲ. ಕೈ ಹಾಕೋದು ಬೇಡಾಂತ ಇರೋ ಕೆಲಸವೂ ನನಗೆ ಬೇಡ."

"ಬಿರುಕನ್ನ ಏನು ಮಾಡ್ತೀಯ?"

"ಹೊಲೀತೇನೆ."

ಅವರು ನಕ್ಕು ಹೋದರು. ಹೊಲಿಯುವುದು ಎಂದು ನಾನು ತಮಾಷೆಗೆ ಹೇಳಿರಲಿಲ್ಲ. ಹಿಂದೆ ಒಮ್ಮೆ ಎಸ್ಟೇಟಿಗೆ ಬಂದಿದ್ದ ಮಂಗಳೂರಿನ ಬಾಯ್ಲರ್ ಮಿಸ್ತ್ರಿ ಅದನ್ನು ವಿವರಿಸಿದ್ದ. ಮೊದಲು ಬಿರುಕಿನ ಎರಡು ತುದಿಗಳಲ್ಲಿ ತೂತು ಕೊರೆಯಬೇಕು, ಅದು ಮುಂದೆ ಓಡದಂತೆ. ಆಮೇಲೆ ಬಿರುಕಿನುದ್ದಕ್ಕೂ ಒಂದು ತೂತು, ಅದರೊಳಗೆ ಥ್ರೆಡ್, ಅಂದರೆ ತಿರುಪಿನ ಸುರುಳಿ, ಕೊರೆದು ತಾಮ್ರದ ಸ್ಕ್ರೂ ಬಿಗಿದು ಕತ್ತರಿಸುವುದು. ಮುಂದಿನ ತೂತು ಆ ಸ್ಕ್ರೂವಿನ ಅಂಚನ್ನೂ ಸ್ವಲ್ಪ ತಿನ್ನುವಂತೆ ಕೊರೆಯುವುದು, ಅದಕ್ಕೂ ಸ್ಕ್ರೂ. ಹೀಗೆ ಒಂದರ ಅಂಚನ್ನು ಒಂದು ಹಿಡಿದುಕೊಂಡು ಸಾಲು ಮುಗಿಯಬೇಕು. ಕೊನೆಗೆ ಸಣ್ಣ ಸುತ್ತಿಗೆಯಿಂದ ತಲೆಗಳನ್ನು ಬಡಿದು ಹರಡಬೇಕು. ಬೆಂಕಿಯೇ ಬೇಡ. ನಾನು ಕೇಳಿದ್ದೆ, ಮಾಡಿರಲಿಲ್ಲ.

ಲೆಕ್ಕ ಹಾಕಿದರೆ ಮೂವತ್ತೆಂಟು ಸ್ಕ್ರೂ ಬೇಕಿತ್ತು. ತಾಮ್ರದ ಸರಳು ಅಂಗಳದಲ್ಲೇ ಇತ್ತು. ಥ್ರೆಡ್ ಕೊರೆಯುವ ಟ್ಯಾಪ್ ಆ ಅಳತೆಯದು ನನ್ನ ಬಳಿ ಒಂದೇ ಇತ್ತು. ಕಾಲು ತಿರುವು ಮುಂದೆ, ಅರ್ಧ ಹಿಂದೆ, ಸೀಮೆಎಣ್ಣೆ, ಮತ್ತೆ ಕಾಲು ತಿರುವು. ಅವಸರ ಮಾಡಿದರೆ ಟ್ಯಾಪ್ ಮುರಿಯುತ್ತದೆ. ದಿನಕ್ಕೆ ಎರಡು ಸ್ಕ್ರೂ ಕೂತರೆ ಹೆಚ್ಚು. ಹದಿನೇಳನೆಯ ತೂತಿನಲ್ಲಿ ಬಲಗೈಯ ಹಿಡಿತ ಜಾರಿ ಟ್ಯಾಪ್ ಓರೆಯಾಯಿತು, ಟಕ್ಕೆಂದು ಒಳಗೇ ಮುರಿಯಿತು.

ಟ್ಯಾಪಿನ ಉಕ್ಕು ಡ್ರಿಲ್ಲಿಗೆ ಜಗ್ಗುವುದಿಲ್ಲ. ಆದರೆ ಗಾಜಿನಂತೆ ಪೆಡಸು. ಚೂಪು ಪಂಚಿನಿಂದ ಮೆತ್ತಗೆ ಕುಟ್ಟಿ ಚೂರು ಚೂರು ಮಾಡಿ ತೆಗೆಯಬೇಕು. ಪೆಟ್ಟು ಜೋರಾದರೆ ಬಿರುಕು ಬೆಳೆಯುತ್ತದೆ. ನಾನು ಕುಟ್ಟಿದೆ, ಹೆಂಡತಿ ಸೂಜಿಯಿಂದ ಚೂರುಗಳನ್ನು ಎತ್ತಿದಳು. ಮೂರು ದಿನ. ಕೊನೆಯ ಚೂರು ಬಂದಾಗ ತೂತು ಸ್ವಲ್ಪ ದೊಡ್ಡದಾಗಿತ್ತು, ಬಿರುಕು ಬೆಳೆದಿರಲಿಲ್ಲ. ಆದರೆ ಇನ್ನು ಟ್ಯಾಪ್ ಇಲ್ಲ.

ಮರುದಿನ ಮುದುಕ ಬರಲಿಲ್ಲ. ಅದರ ಮರುದಿನವೂ ಇಲ್ಲ. ಕೈಬಿಟ್ಟನೆಂದುಕೊಂಡೆ. ನಾಲ್ಕನೆಯ ದಿನ ಮಧ್ಯಾಹ್ನ ಬಂದು ಕಲ್ಲಿನ ಮೇಲೆ ಕೂತು ಮಡಿಲಿನಿಂದ ಕರ್ಚೀಫಿನ ಗಂಟು ತೆಗೆದ. ಒಳಗೆ ಎರಡು ಹೊಸ ಟ್ಯಾಪು, ಎಣ್ಣೆ ಕಾಗದ ಸುತ್ತಿದ್ದು. ಬಸ್ಸು ಹತ್ತಿ ಒಬ್ಬನೇ ಮೈಸೂರಿಗೆ ಹೋಗಿ, ಮುರಿದ ತುಂಡನ್ನು ಅಂಗಡಿ ಅಂಗಡಿಗೆ ತೋರಿಸಿಕೊಂಡು ತಂದಿದ್ದ.

"ದೊಡ್ಡ ತೂತಿಗೆ ಒಂದು. ಉಳಿದದ್ದಕ್ಕೆ ಒಂದು" ಎಂದ. "ಇನ್ನು ಮುರೀಬೇಡ ಮೋನೆ. ಬಸ್ಸಿನಲ್ಲಿ ನನಗೆ ಸೊಂಟ ನೋವು."

ಸೆಪ್ಟೆಂಬರ್ ಕೊನೆಗೆ ಮೂವತ್ತೆಂಟನೆಯ ಸ್ಕ್ರೂ ಕೂತಿತು. ನವಸಾಗರ ಕದಡಿದ ನೀರು ತುಂಬಿಸಿ ನಾಲ್ಕು ದಿನ ಬಿಟ್ಟೆ, ಉಳಿದ ಕೂದಲ ಸಂದುಗಳನ್ನು ತುಕ್ಕೇ ಮುಚ್ಚಲಿ ಎಂದು. ಐದನೆಯ ದಿನ ಕೈಯಿಟ್ಟು ನೋಡಿದೆ. ಒಣಗಿತ್ತು.

ಅವತ್ತೇ ಮೈಸೂರಿನ ಲಾರಿ ಬಂತು. ಆ ವರ್ಷ ಮಳೆ ಬೇಗ ಬಿಟ್ಟಿತ್ತು. ಲಾರಿಯವರು ಹಿತ್ತಾಳೆ, ತಾಮ್ರದ ರಾಶಿ ತುಂಬಿ, ರೇಡಿಯೇಟರನ್ನು ಕಣ್ಣಲ್ಲೇ ತೂಗುತ್ತ ಚಪ್ಪರದ ಹತ್ತಿರ ಬಂದು ನಿಂತರು. ಸಾಹೇಬರು, "ಮಧ್ಯಾಹ್ನದ ನಮಾಜು ಮುಗಿಸಿ ಬರ್ತೇನೆ, ಅಲ್ಲೀತನಕ ಮುಟ್ಬೇಡಿ" ಎಂದು ಹೋದರು. ಅದು ಅವರು ನನಗೆ ಕೊಟ್ಟ ಸಮಯ.

ಮುದುಕ ಡ್ರೈವರ್ ಸೀಟಿನಲ್ಲಿ ಕೂತು ಕಿಡಿಯನ್ನೂ ಪೆಟ್ರೋಲನ್ನೂ ಹತೋಟಿಯಲ್ಲಿಡುವ, ಸ್ಟೀರಿಂಗಿನ ಮೇಲಿನ ಸಣ್ಣ ಲಿವರುಗಳನ್ನು ಹಿಡಿದ. ನಾನು ಎಡಗೈಯಲ್ಲಿ ಹ್ಯಾಂಡಲ್ ಎಳೆದೆ. ಒಂದು ಸಲ, ಐದು ಸಲ. ಆರನೆಯ ಸಲ ಕಾರ್ಬ್ಯುರೇಟರಿನಿಂದ ಬೆಂಕಿ ಉಗುಳಿ ಹ್ಯಾಂಡಲು ಹಿಂದಕ್ಕೆ ಒದೆಯಿತು. ಮೊಣಕೈವರೆಗೆ ಮರಗಟ್ಟಿತು. ಲಾರಿಯವರು 'ಆಯ್ತು ಬಿಡಿ' ಎನ್ನುವ ಹಾಗೆ ಸುತ್ತಿಗೆ ತರಲು ಹೊರಟರು.

ಕಿಡಿಯಿದೆ, ಪೆಟ್ರೋಲಿದೆ, ಆದರೆ ಉಗುಳುತ್ತಿದೆ. ಅಂದರೆ ಕಿಡಿ ತಪ್ಪು ಹೊತ್ತಿಗೆ ತಪ್ಪು ಸಿಲಿಂಡರಿಗೆ ಹೋಗುತ್ತಿದೆ. ಒಂದು, ಮೂರು, ನಾಲ್ಕು, ಎರಡು. ನಾನು ಕಂಡ ಎಲ್ಲ ಎಂಜಿನ್ನುಗಳಲ್ಲಿ ಕಿಡಿ ಹೋಗುವ ಸರದಿ ಅದು, ಹಾಗೆಯೇ ತಂತಿ ಕೊಟ್ಟಿದ್ದೆ. ಈ ಎಂಜಿನ್ನನ್ನು ಮಾತ್ರ ಕೇಳಿರಲಿಲ್ಲ. ನಾಲ್ಕೂ ಪ್ಲಗ್ಗು ಬಿಚ್ಚಿದೆ. ಹಳೆಯ ಪತ್ರಿಕೆಯ ಕಾಗದವನ್ನು ಉಂಡೆ ಮಾಡಿ ನಾಲ್ಕು ತೂತಿಗೂ ಮೆತ್ತಗೆ ತುರುಕಿದೆ. ಹೆಂಡತಿಯನ್ನು ಕರೆದು, ಯಾವುದು ಮೊದಲು ಹಾರುತ್ತದೆ ಹೇಳು ಎಂದು ಹ್ಯಾಂಡಲನ್ನು ನಿಧಾನ ತಿರುಗಿಸಿದೆ. ಒಳಗಿನ ಗಾಳಿ ಒತ್ತಿ ಉಂಡೆಗಳು ಪುಸಕ್ಕೆಂದು ಹಾರತೊಡಗಿದವು.

"ಒಂದು" ಎಂದಳು. "ಎರಡು." ತಿರುಗಿಸಿದೆ. "ನಾಲ್ಕು. ಮೂರು."

"ಸರಿ ನೋಡಿದೆಯಾ?"

"ಕಣ್ಣುಟ್ಟಲ್ಲ ನಂಗೆ. ಒಂದು, ಎರಡು, ನಾಲ್ಕು, ಮೂರು."

ತಂತಿಗಳನ್ನು ಆ ಸಾಲಿಗೆ ಬದಲಾಯಿಸಿ ಪ್ಲಗ್ಗು ಹಾಕಿದೆ. ಮುದುಕ ಕಿಡಿಯ ಲಿವರನ್ನು ಒಂದು ಕೂದಲು ಹಿಂದಕ್ಕೆ ಸರಿಸಿದ. ಎಳೆದೆ. ಎರಡನೆಯ ಎಳೆತಕ್ಕೆ ಎಂಜಿನ್ ಕೆಮ್ಮಿತು, ಇಡೀ ಚಪ್ಪರವನ್ನು ನೀಲಿ ಹೊಗೆಯಿಂದ ತುಂಬಿತು, ಆಮೇಲೆ ಹೊಲಿಗೆ ಯಂತ್ರದಂತೆ ಓಡತೊಡಗಿತು. ಮುದುಕನ ಎರಡೂ ಕೈ ಸ್ಟೀರಿಂಗಿನ ಮೇಲಿದ್ದವು, ಕಣ್ಣು ಮುಚ್ಚಿದ್ದ. ಹಿಂದೆ ಕೇಳಿದ್ದ ಸದ್ದೇ ಎಂದು ಪರೀಕ್ಷಿಸುತ್ತಿದ್ದನೋ ಏನೋ. ನಾನು ಬಿರುಕಿನ ಸಾಲಿನ ಮೇಲೆ ಅಂಗೈ ಇಟ್ಟೆ. ಬಿಸಿಯಾಗಿತ್ತು, ಒಣಗಿತ್ತು.

ಸಾಹೇಬರು ಬರುವಾಗ ಕಾರು ಗೇಟಿನ ಹೊರಗೆ ರಸ್ತೆಯಲ್ಲಿ ನಿಂತಿತ್ತು. ಲಾರಿಯವನೊಬ್ಬ ರೇಡಿಯೇಟರಿನ ಕಡೆ ಕೈ ತೋರಿಸಿ ಏನೋ ಹೇಳಹೊರಟ. "ಅದು ನನ್ನ ಮಾಲಲ್ಲ, ಗೌಡ್ರದ್ದು. ಅವ್ರನ್ನ ಕೇಳು" ಎಂದು ಸಾಹೇಬರು ಒಳಗೆ ಹೋದರು.

ಇನ್ನು ಕಾಗದದ ಕೆಲಸ. ಒಂದು ತಿಂಗಳಾದ ಮೇಲೆ ನಾನೂ ಹೆಂಡತಿಯೂ ವಿರಾಜಪೇಟೆ, ಮೂರ್ನಾಡು ದಾಟಿ ಮಡಿಕೇರಿಗೆ ಕಾರು ಹತ್ತಿಸಿದೆವು. ದಾರಿಯಲ್ಲಿ ಮೂರು ಸಲ ನಿಲ್ಲಿಸಿ, ತಣಿಯಲು ಬಿಟ್ಟು, ಬಿಸಿ ನೀರನ್ನೇ ಹೊಯ್ದೆ. ಅದಕ್ಕೆಂದೇ ಹೆಂಡತಿ ಕಾಲ ಬಳಿ ಬೋಗುಣಿ, ಸೌದೆ ಇಟ್ಟುಕೊಂಡಿದ್ದಳು.

ವಾಹನ ತಪಾಸಣೆಯ ಅಧಿಕಾರಿ ಬಯಲುಸೀಮೆಯಿಂದ ಹೊಸದಾಗಿ ಬಂದವರು. ದೊಡ್ಡ ಲೆಡ್ಜರನ್ನು ಹಿಂದೆ ಮುಂದೆ ಮಗುಚಿದರು. "ಈ ನಂಬರಿನ ಗಾಡಿ ನಮ್ಮ ಲೆಕ್ಕದಲ್ಲಿ ಇಲ್ಲ. ಕೊಡಗಿನ ಹಳೇ ಪುಸ್ತಕದಿಂದ ಮೈಸೂರಿನ ಪುಸ್ತಕಕ್ಕೆ ಬಂದೇ ಇಲ್ಲ. ಇಲ್ಲದ ಗಾಡಿಗೆ ನಾನು ಹೇಗೆ ಸರ್ಟಿಫಿಕೇಟ್ ಕೊಡಲಿ?"

"ಇಲ್ಲದ ಗಾಡಿ ಘಾಟಿ ಹತ್ತಿ ಹೇಗೆ ಬಂತು ಸಾರ್?" ಎಂದೆ.

ಅವರು ನನ್ನನ್ನು ದಿಟ್ಟಿಸಿ ನೋಡಿದರು, ಎದ್ದು ಹೊರಗೆ ಬಂದರು. ಮುಂದಿನ ಚಕ್ರಕ್ಕೆ ಬ್ರೇಕೇ ಇಲ್ಲ ಎಂದರು. ಈ ಕಾಲದ ಕಾರುಗಳಿಗೆ ಇರಲಿಲ್ಲ ಎಂದೆ. ನಿಲ್ಲುತ್ತದೆಯೇ ಎಂದರು. ಕೂತು ನೋಡಿ ಎಂದೆ. ಕೂತರು. ಕೋಟೆಯ ಕೆಳಗಿನ ಇಳಿಜಾರಿನಲ್ಲಿ ಅವರು ಹೇಳಿದ ಕಡೆ ಹೇಳಿದಾಗ ನಿಲ್ಲಿಸಿದೆ, ಅಲ್ಲಿಂದ ಹಿಂದಕ್ಕೆ ಉರುಳದಂತೆ ಮೇಲಕ್ಕೆ ಹತ್ತಿಸಿದೆ, ಎರಡು ಕಲ್ಲುಗಳ ನಡುವೆ ರಿವರ್ಸ್ ಬಂದೆ. ಅಷ್ಟೂ ಹೊತ್ತು ಅವರ ಕಣ್ಣು ಗೇರಿನ ಲಿವರಿನ ಮೇಲಿದ್ದ ನನ್ನ ಕೈ ಮೇಲೇ ಇತ್ತು. ಇಳಿದ ಮೇಲೆ ಬಾನೆಟ್ ತೆಗೆಸಿ ತಾಮ್ರದ ಚುಕ್ಕೆಗಳ ಸಾಲನ್ನು ಪೆನ್ನಿನ ತುದಿಯಿಂದ ಒಂದೊಂದೇ ಎಣಿಸಿದರು. ಒಳಗೆ ಹೋಗಿ ಲೆಡ್ಜರಿನಲ್ಲಿ ಹೊಸ ಹಾಳೆ ತೆಗೆದು ಬರೆಯಲು ಕೂತರು.

ವಾಪಸ್ ಇಳಿಯುವಾಗ ಬಿಸಿಲಿತ್ತು. ಬ್ರೇಕನ್ನು ನಂಬಿ ಇಳಿಯುವ ಹಾಗಿರಲಿಲ್ಲ, ಎರಡನೆಯ ಗೇರಿನಲ್ಲಿ ಎಂಜಿನ್ನಿನ ಹಿಡಿತದ ಮೇಲೆಯೇ ಇಳಿಸುತ್ತಿದ್ದೆ. ಮೂರನೆಯ ತಿರುವಿನಲ್ಲಿ ಹಿಂದಿನಿಂದ ಹಾರ್ನು ಕೇಳಿತು. ಹೆಂಡತಿ ಹಿಂದಿನ ಸೀಟಿನಲ್ಲಿ ಮಂಡಿಯೂರಿ ಹಿಂದಕ್ಕೆ ನೋಡಿದಳು.

"ಬಸ್ಸು ಉಟ್ಟು" ಎಂದಳು.

"ಇರಲಿ."

ಸ್ವಲ್ಪ ಹೊತ್ತಿಗೆ, "ಜೀಪು ಎರಡುಟ್ಟು. ಮರದ ಲಾರಿನೂ ಉಟ್ಟು."

ಬಸ್ಸಿನ ಕಂಡಕ್ಟರ್ ಬಾಗಿಲಲ್ಲಿ ಜೋತು ಕೈ ಬೀಸಿ ಕೂಗುತ್ತಿದ್ದ. ಘಾಟಿಯ ತಿರುವುಗಳಲ್ಲಿ ರಸ್ತೆ ಕಿರಿದು, ಅಲ್ಲಿ ಬದಿಗೆ ಸರಿಯುವ ಹಾಗಿರಲಿಲ್ಲ. ಮೂರ್ನಾಡಿನ ಹತ್ತಿರ ರಸ್ತೆ ಅಗಲವಾಯಿತು, ಎರಡೂ ಕಡೆ ಹುಲ್ಲಿನ ಬದಿ ಇತ್ತು, ಸರಿದರೆ ಸರಿಯಬಹುದಿತ್ತು. ಹಾರ್ನುಗಳೆಲ್ಲ ಒಟ್ಟಿಗೆ ಹೊಡೆದುಕೊಂಡವು.

"ಸೈಡು ಕೇಳುವುದು ಅವು" ಎಂದಳು ಹೆಂಡತಿ.

ನಾನು ರಸ್ತೆಯ ನಟ್ಟನಡುವೆಯೇ ಇದ್ದೆ. ಮೂರ್ನಾಡು ಪೇಟೆ ಬರುವವರೆಗೂ ಸೈಡು ಕೊಡಲಿಲ್ಲ.